ನೀರಿನ ಟ್ಯಾಂಕಿನ ಕೆಳಗೆ ಬೆಂಕಿ ಗೂಡು

ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಯೊಳಗೆ ಒಂದು ಬೆಂಕಿ ಗೂಡಿದೆ. ಮೊದಲ ಸಲ ಬಂದವರು ದೇವರ ಗೂಡೆಂದುಕೊಂಡು ಕೈ ಮುಗಿಯುತ್ತಾರೆ. ಒಳಗೆ ಮಸಿ ಹಿಡಿದ ತಾಮ್ರದ ಹಂಡೆ ಕಂಡ ಮೇಲೆ, ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೆಲ್ಲಗೆ ಇಳಿಸುತ್ತಾರೆ. ನಮ್ಮೂರು ಕುಂದಾಣದ ಸುತ್ತಮುತ್ತ ಇಂಥ ಗೂಡು ಇನ್ನೊಂದು ಮನೆಯಲ್ಲಿಲ್ಲ. ನಮಗೂ ಬೇಕು ಎಂದು ಇದುವರೆಗೆ ಯಾರೂ ಅಳತೆ ಕೇಳಿಕೊಂಡು ಬಂದಿಲ್ಲ.

ಗೂಡು ನಮ್ಮ ಮಾವನ ಆಸೆ. ಅವರು ನಂದಿ ಬೆಟ್ಟದ ಬುಡದಲ್ಲಿರುವ ಒಂದು ರೆಸಾರ್ಟಿನಲ್ಲಿ ತೋಟದ ಉಸ್ತುವಾರಿ ನೋಡಿಕೊಂಡಿದ್ದು ನಿವೃತ್ತರಾದವರು. ಅಲ್ಲಿ ಅತಿಥಿಗಳು ಕೂರುವ ದೊಡ್ಡ ಕೋಣೆಯ ಗೋಡೆಯೊಳಗೆ ಬೆಂಕಿ ಉರಿಯುತ್ತಿತ್ತಂತೆ. ಬೆಂಗಳೂರಿನಿಂದ ಬಂದವರು ಮೊದಲು ಎಸಿ ಹಾಕಿಸಿಕೊಂಡು, ಆಮೇಲೆ ಚಳಿಯೆಂದು ಆ ಬೆಂಕಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರಂತೆ. ಮಾವ ಹೊರಗೆ ಗಿಡಗಳಿಗೆ ಪೈಪು ಹಿಡಿದು ನಿಂತು ಗಾಜಿನ ಮೂಲಕ ಅದನ್ನು ವರ್ಷಗಟ್ಟಲೆ ನೋಡಿದರು. ಇನ್ನೊಬ್ಬರನ್ನು ನೋಡಿ ಜನಕ್ಕೆ ಕಾರು ಬೇಕೆನಿಸುತ್ತದೆ, ಸೋಫಾ ಬೇಕೆನಿಸುತ್ತದೆ. ಮಾವನಿಗೆ ಗೋಡೆಯೊಳಗೆ ಬೆಂಕಿ ಬೇಕೆನಿಸಿತು.

ಆಗ ನಮ್ಮದು ಹೆಂಚಿನ ಮನೆ. ನಾನು ಮದುವೆಯಾಗಿ ಬಂದದ್ದು ಆ ಮನೆಗೆ. ಅಲ್ಲಿ ಬೆಂಕಿ ಇದ್ದದ್ದು ಬಚ್ಚಲುಮನೆಯಲ್ಲಿ. ಅಡುಗೆಗೆ ಗ್ಯಾಸು ಬಂದು ಎಷ್ಟೋ ಕಾಲವಾಗಿತ್ತು. ಸ್ನಾನದ ನೀರು ಕಾಯಿಸುವ ಹಂಡೆ ಒಲೆ ಮಾತ್ರ ಉಳಿದಿತ್ತು. ಅದು ನಮ್ಮ ಅತ್ತೆಯ ಸ್ವತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬೂದಿ ತೆಗೆದು, ಒಣಗಿದ ನೀಲಗಿರಿ ತೊಗಟೆ ಇಟ್ಟು, ಅದರ ಮೇಲೆ ಹಿಪ್ಪುನೇರಳೆ ಕಡ್ಡಿ ಜೋಡಿಸಿ, ಊದುಗೊಳವೆಯಲ್ಲಿ ಒಂದೇ ಒಂದು ಸಲ ಊದುತ್ತಿದ್ದರು. ಎರಡನೆಯ ಸಲ ಊದಬೇಕಾಗಿ ಬಂದರೆ ಅವತ್ತೆಲ್ಲ ಮುಖ ಗಂಟು. ನಮ್ಮ ಹೊಲದ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳು ಸಾಕುವವರ ಮನೆಗೆ ಹೋಗುತ್ತಿತ್ತು. ಹುಳು ಎಲೆ ತಿಂದು ಬಿಟ್ಟ ಕಡ್ಡಿಯನ್ನು ಅತ್ತೆ ಮರೆಯದೆ ವಾಪಸು ತರಿಸಿಕೊಳ್ಳುತ್ತಿದ್ದರು. ಅದರಷ್ಟು ಹದವಾಗಿ ಉರಿಯುವ ಸೌದೆ ಇನ್ನೊಂದಿಲ್ಲ ಎಂಬುದು ಅವರು ತಾವಾಗಿ ಹೇಳುತ್ತಿದ್ದ ಕೆಲವೇ ಮಾತುಗಳಲ್ಲಿ ಒಂದು.

ಮಾತು ಅವರಿಗೆ ಆಗದ ಕೆಲಸ. ನಾನು ದಿನಾ ದುಡಿಯಲು ಹೋಗುವುದು ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಕಡೆಗೆ. ಹೂವನ್ನು ವಿಮಾನಕ್ಕೆ ಹತ್ತಿಸುವ ಮುಂಚೆ ಇಡುವ ತಣ್ಣನೆಯ ಕೋಣೆಯಲ್ಲಿ ನನ್ನ ಕೆಲಸ. ಹೂವಿಗೆ ಅದು ಹಿತ. ಸಂಜೆ ಮನೆಗೆ ಬರುವಷ್ಟರಲ್ಲಿ ನನ್ನ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ತಡೆಯಲಾರದೆ ನೇರ ಬಚ್ಚಲಿಗೆ ಹೋಗಿ, ಒಲೆಯಲ್ಲಿ ಉಳಿದಿದ್ದ ಕೆಂಡಕ್ಕೆ ಕೈಯೊಡ್ಡಿ ಕೂತುಬಿಟ್ಟೆ. ಹೊಸ ಸೊಸೆ ಹೀಗೆ ಕೂತರೆ ಯಾವ ಅತ್ತೆ ಸುಮ್ಮನಿದ್ದಾಳು ಎಂಬ ಹೆದರಿಕೆಯೂ ಇತ್ತು. ಅತ್ತೆ ಬಂದರು, ನೋಡಿದರು, ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು, ಒಲೆಗೆ ನಾಲ್ಕು ಕಡ್ಡಿ ಹಾಕಿ ಹೋದರು. ಮಾರನೆಯ ದಿನದಿಂದ ನಾನು ಬರುವ ಹೊತ್ತಿಗೆ ಒಲೆ ಉರಿಯುತ್ತಿರುತ್ತಿತ್ತು. ಆ ಮನೆಯಲ್ಲಿ ಸಂಜೆ ಯಾರೂ ಸ್ನಾನ ಮಾಡುವುದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳಾದ ಮೇಲೆ.

ನನ್ನ ತವರು ಹೊಸಕೋಟೆ. ತವರೆಂದರೆ ಅಪ್ಪ, ಅಪ್ಪನ ತರಕಾರಿ ಅಂಗಡಿ, ಒಲೆ ಹಚ್ಚದ ಒಂದು ಅಡುಗೆಮನೆ. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಅಪ್ಪ ದಿನವಿಡೀ ತರಕಾರಿ ಮಾರಿ ಊಟಕ್ಕೆ ಹೋಟೆಲಿಗೆ ಹೋಗುತ್ತಾರೆ. ಇದನ್ನೆಲ್ಲ ನೆನೆದು ಅಳುವ ಜಾಯಮಾನ ನನ್ನದಲ್ಲ. ಒಂದು ವಿಷಯಕ್ಕೆ ಮಾತ್ರ ಒಳಗೊಳಗೇ ಭಯವಿತ್ತು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಮೈಗೆ ಹರಳೆಣ್ಣೆ ತಿಕ್ಕಿ, ಸೊಂಟಕ್ಕೆ ಹಂಡೆ ತುಂಬ ಬಿಸಿನೀರು ಹುಯ್ದು, ತಲೆಗೆ ಬಟ್ಟೆ ಬಿಗಿದು ಕೆಂಡದ ಶಾಖ ಕೊಟ್ಟು ಬೆಚ್ಚಗೆ ಮಲಗಿಸಬೇಕು. ಇದನ್ನೆಲ್ಲ ಮಾಡುವವಳು ಅಮ್ಮ. ಅಮ್ಮ ಇಲ್ಲದವಳಿಗೆ ಯಾರು ಮಾಡುತ್ತಾರೆಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಟ್ಟಾರು ಎಂದು ಹೆದರಿಕೆ.

ಹೀಗಿರುವಾಗ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವುದೆಂದಾಯಿತು. ಒಬ್ಬೊಬ್ಬರಿಗೆ ಒಂದೊಂದು ಬೇಕು. ನನ್ನ ಗಂಡನಿಗೆ, ಕಾರಿಲ್ಲದಿದ್ದರೂ, ಕಾರು ನಿಲ್ಲಿಸುವ ಜಾಗ ಬೇಕು. ನನಗೆ ಚಿಲಕ ಸರಿಯಾಗಿ ಬೀಳುವ ರೂಮು ಬೇಕು. ಮಾವನಿಗೆ ಬೆಂಕಿ ಗೂಡು. ಅತ್ತೆ ಕೇಳಿದ್ದು ಬಚ್ಚಲಿಗೊಂದು ಹಂಡೆ ಒಲೆ.

"ಸೋಲಾರ್ ಹಾಕಿಸ್ತಾ ಇದೀವಲ್ಲಮ್ಮ, ಒಲೆ ಯಾಕೆ? ಟೈಲ್ಸೆಲ್ಲ ಮಸಿ ಆಗ್ಬಿಡುತ್ತೆ" ಎಂದರು ನನ್ನ ಗಂಡ.

"ಮೋಡ ಆದ್ರೆ?"

"ಗೀಸರ್ ಇರುತ್ತೆ."

"ಕರೆಂಟ್ ಹೋದ್ರೆ?"

"ಮೋಡಾನೂ ಆಗಿ ಕರೆಂಟೂ ಹೋಗೋದು ಯಾವಾಗಮ್ಮ?"

ನಮ್ಮೂರಿನಲ್ಲಿ ಮೋಡ ಕಂಡರೇ ಕರೆಂಟು ಹೋಗುತ್ತದೆ.

ಮಾವ ಗೂಡಿನ ಫೋಟೋವನ್ನು ಮೊಬೈಲಿನಲ್ಲಿ ಮೇಸ್ತ್ರಿಗೆ ತೋರಿಸಿದರು. ಮೇಸ್ತ್ರಿ ಅದನ್ನು ಹಿಗ್ಗಿಸಿ ನೋಡಿದ, ಫೋನು ಅಡ್ಡ ಹಿಡಿದು ನೋಡಿದ.

"ಇದು ಒಲೇನಾ ಯಜಮಾನ್ರೇ?"

"ಒಲೆ ಅಲ್ಲಪ್ಪ. ಬೆಂಕಿ ಹಾಕೋ ಜಾಗ."

"ಏನ್ ಬೇಯ್ಸೋದು ಇದ್ರಾಗೆ?"

"ಏನೂ ಇಲ್ಲ. ಮುಂದೆ ಕೂತ್ಕಳೋದು."

ಮೇಸ್ತ್ರಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಆಯ್ತು ಬಿಡಿ, ಮಾಡ್ಕೊಡನ" ಎಂದ. ಇಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಬಾವಿಯ ಮೇಲೆ ಬಾಲ್ಕನಿ ಬೇಕೆಂದಿದ್ದರೂ ಮಾಡಿಕೊಡುತ್ತಿದ್ದ.

ನಿಜ ಹೇಳಬೇಕೆಂದರೆ ಗೂಡು ಚೆನ್ನಾಗಿಯೇ ಬಂತು. ಒಳಗೆ ಕೆಂಪಿಟ್ಟಿಗೆ, ಸುತ್ತ ಕರಿ ಗ್ರಾನೈಟು. ಹೊಗೆ ಹೋಗಲು ಇಟ್ಟಿಗೆಯ ಅಗಲವಾದ ಕೊಳವೆ ಗೋಡೆಯೊಳಗಿಂದ ಏರಿ, ತಾರಸಿಯ ಮೇಲೆ ಆಳೆತ್ತರ ನಿಂತಿತು. ಅದು ನಿಂತ ಮೇಲೆ ಮಾವ ವಾಸ್ತು ನೋಡುವವರನ್ನು ಕರೆಸಿದರು. ಮುಂಚೆಯೇ ಕರೆಸಬೇಕಿತ್ತು. ಮುಂಚೆ ಕರೆಸಿದರೆ ಬೇಡ ಎಂದುಬಿಡುತ್ತಾರೆಂದು ಮಾವ ಕಾದಿದ್ದರು. ವಾಸ್ತುವಿನವರು ತಾರಸಿ ಹತ್ತಿ ದಿಕ್ಕು ನೋಡಿ ಹಣೆ ಗಂಟಿಕ್ಕಿದರು.

"ಇದು ನೈಋತ್ಯ. ಇಲ್ಲಿ ಬೆಂಕಿ ಬರಂಗಿಲ್ಲ. ನೀರಿನ ಟ್ಯಾಂಕ್ ಬರ್ಬೇಕು. ಆ ಟ್ಯಾಂಕಿಗಿಂತ ಎತ್ತರಕ್ಕೆ ಮನೆ ಮೇಲೆ ಏನೂ ಇರ್ಕೂಡ್ದು."

ಕೊಳವೆ ಒಡೆಸಲು ಮಾವನಿಗೆ ಮನಸ್ಸಿಲ್ಲ. ವಾಸ್ತು ಮೀರಲು ಧೈರ್ಯವಿಲ್ಲ. ದಾರಿ ತೋರಿಸಿದವನು ಮೇಸ್ತ್ರಿಯೇ. ಕೊಳವೆ ಗಟ್ಟಿಯಾಗಿದೆ, ಅಗಲವಾಗಿದೆ. ಅದರ ಬಾಯಿಗೊಂದು ಚಪ್ಪಡಿ ಎಳೆದು, ಚಪ್ಪಡಿಯ ಮೇಲೆ ಟ್ಯಾಂಕು ಕೂರಿಸಿದರೆ ನೈಋತ್ಯದಲ್ಲಿ ಟ್ಯಾಂಕೂ ಆಯಿತು, ಅದಕ್ಕಿಂತ ಎತ್ತರದ್ದು ಏನೂ ಇಲ್ಲದಂತೆಯೂ ಆಯಿತು. ಎಲ್ಲರೂ ತಲೆದೂಗಿದರು. ವಾಸ್ತುವಿನವರೂ ಮೇಸ್ತ್ರಿಯ ಬೆನ್ನು ತಟ್ಟಿದರು. ಆ ಕೊಳವೆಯನ್ನು ಮೊದಲು ಯಾಕೆ ಕಟ್ಟಿದ್ದು ಎಂಬುದು ಆ ಸಂತೋಷದಲ್ಲಿ ಯಾರಿಗೂ ನೆನಪಾಗಲಿಲ್ಲ. ನಾನೂ ಅಲ್ಲೇ ಇದ್ದೆ, ಎಲ್ಲರಿಗೂ ಕಾಫಿ ಕೊಡುತ್ತಿದ್ದೆ. ನನಗೂ ನೆನಪಾಗಲಿಲ್ಲ.

ಬೆಂಕಿ ಬರಕೂಡದು ಎಂದಾದ ಮೇಲೆ ಗೂಡು ಶೋಗೆ ಉಳಿಯಿತು. ಸ್ವಲ್ಪ ದಿನ ಅದರಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸು ಇತ್ತು. ಆಮೇಲೆ ನನ್ನ ಗಂಡನ ಹೆಲ್ಮೆಟ್ಟು. ಹಬ್ಬದಲ್ಲಿ ಗಣೇಶನನ್ನು ಕೂರಿಸಿ ಸೀರಿಯಲ್ ಲೈಟು ಬಿಟ್ಟಾಗ ನೋಡಿದವರೆಲ್ಲ ಹೊಗಳಿದರು. ಒಂದು ಬೆಕ್ಕು ಅಲ್ಲೇ ಮರಿ ಹಾಕಿತು. ಮನೆಯಲ್ಲಿ ಆ ಗೂಡಿನ ಉಪಯೋಗ ಮೊದಲು ಕಂಡುಕೊಂಡದ್ದು ಆ ಬೆಕ್ಕೇ. ಹಳೆಯ ಬಚ್ಚಲಿನಿಂದ ಕಿತ್ತು ತಂದ ತಾಮ್ರದ ಹಂಡೆಯನ್ನು ಮಾವ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಫಳಫಳ ಮಾಡಿ, ಅದರೊಳಗೆ ಪ್ಲಾಸ್ಟಿಕ್ ಹೂವು ಜೋಡಿಸಿ ಗೂಡಿನ ಪಕ್ಕ ಇರಿಸಿದರು. ಬೆಂಕಿಯಿಲ್ಲದ ಗೂಡು, ಒಲೆಯಿಲ್ಲದ ಹಂಡೆ, ಎರಡೂ ಅಕ್ಕಪಕ್ಕ. ಅತ್ತೆ ದಿನಾ ಕಸ ಗುಡಿಸುವಾಗ ಅವುಗಳ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ನಾನು ಸಂಜೆ ಬಂದು ನನ್ನ ರೂಮಿಗೆ ಹೋಗಿ, ಚಿಲಕ ಸರಿಯಾಗಿ ಹಾಕಿಕೊಂಡು, ಹೊದಿಕೆಯೊಳಗೆ ಕೈ ಉಜ್ಜಿಕೊಳ್ಳುತ್ತಿದ್ದೆ. ಅತ್ತೆಗೂ ನನಗೂ ಒಟ್ಟಿಗೆ ಕೂರಲು ಜಾಗವೇ ಇಲ್ಲದಂತಾಗಿತ್ತು. ಇಷ್ಟು ದೊಡ್ಡ ಮನೆಯಲ್ಲಿ.

ಅಂಥದ್ದರಲ್ಲಿ ನಾನು ಬಸುರಿಯಾದೆ. ಸೀಮಂತದ ದಿನ ಅಪ್ಪ ಹೊಸಕೋಟೆಯಿಂದ ಎರಡು ಚೀಲ ತರಕಾರಿ ಹೊತ್ತುಕೊಂಡು ಬಂದಿದ್ದರು. ಪಂಕ್ತಿಯಲ್ಲಿ ಕೂತ ಹೆಂಗಸೊಬ್ಬಳು, ಊಟದ ನಡುವೆ ಉಪ್ಪು ಕೇಳಿದಷ್ಟೇ ಸಲೀಸಾಗಿ, "ಬಾಣಂತನ ಎಲ್ಲಿ ಮಾಡ್ತೀರಾ?" ಎಂದಳು. ಅಪ್ಪ ಎಲೆಯ ಮೇಲಿನ ಅನ್ನ ನೋಡಿದರು. ನಾನು ಅಪ್ಪನನ್ನು ನೋಡಿದೆ. ಸಾರು ಬಡಿಸುತ್ತಿದ್ದ ಅತ್ತೆ ತಲೆಯೆತ್ತದೆ, "ಇಲ್ಲೇ" ಎಂದು ಮುಂದಿನ ಎಲೆಗೆ ಹೋದರು.

ಆ ಒಂದು ಮಾತನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದೆನೋ. ಮನಸ್ಸಿಟ್ಟು ಹೇಳಿದ್ದೋ, ಬೇರೆ ದಾರಿಯಿಲ್ಲದೆ ಹೇಳಿದ್ದೋ ಗೊತ್ತಾಗಲಿಲ್ಲ. ಕೇಳುವಂತಿಲ್ಲ. ಅತ್ತೆಯಂತೂ ಆಮೇಲೆ ಅದರ ಮಾತೇ ಎತ್ತಲಿಲ್ಲ. ಹಿಪ್ಪುನೇರಳೆ ಕಡ್ಡಿ ಮಾತ್ರ ಹೊರೆ ಹೊರೆಯಾಗಿ ಬಂದು ಕಾರು ನಿಲ್ಲಿಸುವ ಜಾಗದಲ್ಲಿ ಬೀಳತೊಡಗಿತು. ನನ್ನ ಗಂಡ, ಕಾರು ಬಂದರೆ ಎಲ್ಲಿ ನಿಲ್ಲಿಸುವುದೆಂದು ಬೇಸರ ಮಾಡಿಕೊಂಡರು.

ಡಿಸೆಂಬರಿನಲ್ಲಿ ದೇವನಹಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಮಗುವನ್ನೆತ್ತಿಕೊಂಡು ಮನೆಗೆ ಬಂದ ದಿನವೇ ಮದರಾಸಿನ ಕಡೆ ಎದ್ದ ತುಫಾನು ನಮ್ಮ ಮೇಲೆ ಜಿಟಿಜಿಟಿ ಮಳೆಯಾಗಿ ಹಿಡಿದುಕೊಂಡಿತು. ಸೋಲಾರಿನ ನಲ್ಲಿಯಲ್ಲಿ ಐಸಿನಂಥ ನೀರು. ಕರೆಂಟು ಬಂದು ಮುಖ ತೋರಿಸಿ ಹೋಗುವುದು. ಮೋಡವೂ ಆಗಿ ಕರೆಂಟೂ ಹೋಗಿತ್ತು. ನನ್ನ ಗಂಡ ಈ ವಿಷಯವನ್ನು ಯಾರೂ ಎತ್ತದಿರಲೆಂದು ಅಂಗಡಿಗೆ ಹೋದವರು ಬೇಗ ಬರಲಿಲ್ಲ. ನನಗೆ ಸೊಂಟ ಮುರಿದು ಬೀಳುವಂಥ ನೋವು, ಹಲ್ಲು ಕಟಕಟ ನಡುಕ. ಬಿಸಿನೀರು ಹುಯ್ದು ಬೆಚ್ಚಗೆ ಇರಿಸಿ ಎಂದು ಡಾಕ್ಟರೂ ಹೇಳಿ ಕಳಿಸಿದ್ದರು.

ಅತ್ತೆ ಮೊದಲು ಗ್ಯಾಸಿನ ಮೇಲೆ ಕಾಯಿಸಲು ನೋಡಿದರು. ಹಂಡೆ ಗ್ಯಾಸಿನ ಮೇಲೆ ಕೂರುವುದಿಲ್ಲ. ಪಾತ್ರೆಯಲ್ಲಿ ಕಾಯಿಸಿದರೆ ಎರಡನೆಯದು ಕಾಯುವಷ್ಟರಲ್ಲಿ ಮೊದಲನೆಯದು ಆರುತ್ತದೆ. ಹೊರಗೆ ಇಟ್ಟಿಗೆ ಹೂಡೋಣವೆಂದರೆ ಸೈಟಿನ ಅಂಚಿನವರೆಗೂ ಮನೆಯೇ ಇದೆ, ಉಳಿದ ಮೊಳದಗಲ ಜಾಗದಲ್ಲಿ ಗಾಳಿ ಮಳೆ. ಅಲ್ಲಿ ಹಚ್ಚಿದ ಬೆಂಕಿ ಊದಿ ಊದಿ ಆರಿತು. ಮಾರನೆಯ ಬೆಳಿಗ್ಗೆ ಅತ್ತೆ ಹಾಲ್‌ಗೆ ಬಂದು, ಗೂಡಿನಲ್ಲಿದ್ದ ಹೆಲ್ಮೆಟ್ಟನ್ನು ಸೋಫಾದ ಮೇಲಿಟ್ಟು, ಹಂಡೆಯ ಪ್ಲಾಸ್ಟಿಕ್ ಹೂವನ್ನು ಕಿತ್ತು ಮೂಲೆಗೆಸೆದು, ಗೂಡಿನೊಳಗೆ ಮೂರು ಇಟ್ಟಿಗೆ ಇಟ್ಟು ಹಂಡೆ ಕೂರಿಸಿದರು.

"ಅದು ನೈಋತ್ಯ ಕಣೇ! ಅಲ್ಲಿ ಬೆಂಕಿ ಹಾಕ್ಕೂಡ್ದು" ಎಂದರು ಮಾವ.

ಅತ್ತೆ ತೊಗಟೆ ಇಟ್ಟು, ಕಡ್ಡಿ ಜೋಡಿಸಿ, ಒಂದು ಸಲ ಊದಿದರು.

ಬೆಂಕಿ ಹೊತ್ತಿತು. ಹೊಗೆ ಕೊಳವೆಯೊಳಗೆ ಹೋಯಿತು, ಮೇಲಿನ ಚಪ್ಪಡಿಯವರೆಗೂ ಹೋಗಿ ನೋಡಿತು, ದಾರಿಯಿಲ್ಲವೆಂದು ತಿಳಿದು ಅದೇ ದಾರಿಯಲ್ಲಿ ವಾಪಸು ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲ್ ಕಾಣದಾಯಿತು. ಸೋಫಾ ಕಾಣಲಿಲ್ಲ, ಮಾವ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಅತ್ತೆ ಹಂಡೆಗೆ ತುಂಬಿದ್ದ ನೀರನ್ನೇ ಬೆಂಕಿಗೆ ಎರಚಿ, ನನ್ನ ರೂಮಿಗೆ ನುಗ್ಗಿ, ಮಗುವನ್ನು ಸೆರಗಿನಲ್ಲಿ ಸುತ್ತಿ, ನನ್ನನ್ನು ಎಬ್ಬಿಸಿಕೊಂಡು ಎದುರು ಮನೆಯ ಜಗಲಿಗೆ ತಂದು ಕೂರಿಸಿದರು. ಬೀದಿಯ ಜನ ಮನೆಗೆ ಬೆಂಕಿ ಬಿತ್ತೆಂದು ಮಳೆಯಲ್ಲಿ ಬಿಂದಿಗೆ ಹಿಡಿದು ಓಡಿ ಬಂದರು. ನಮ್ಮ ಮನೆಯ ಎಲ್ಲ ಕಿಟಕಿಗಳಿಂದಲೂ ಹೊಗೆ ಬರುತ್ತಿತ್ತು. ಹೊಗೆ ಬರದೇ ಇದ್ದ ಒಂದೇ ಜಾಗ ಹೊಗೆ ಕೊಳವೆ. ಅದರ ಮೇಲೆ ಕರಿ ಟ್ಯಾಂಕು ತಣ್ಣಗೆ ನೆನೆಯುತ್ತ ಕೂತಿತ್ತು.

ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಬೀದಿಯವರಿಗೂ ಹೊಳೆಯಿತು.

"ನಾನ್ ಹೇಳ್ಲಿಲ್ವಾ, ನೈಋತ್ಯದಾಗೆ ಬೆಂಕಿ ಬ್ಯಾಡ ಅಂತ. ನೋಡ್ ಈಗ" ಎಂದರು ಮಾವ. ಇಷ್ಟು ಜನರ ಎದುರು ಬೇರೆ ಏನು ಹೇಳಬೇಕೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಅತ್ತೆಯ ಮುಖವೆಲ್ಲ ಮಸಿ. ಕೈಯಲ್ಲಿ ಊದುಗೊಳವೆ ಹಾಗೇ ಇತ್ತು. ಅವರು ತಾರಸಿಯ ಕಡೆ ನೋಡಿದರು.

"ಟ್ಯಾಂಕ್ ಇಳ್ಸಿ."

"ಏನಂದೆ?"

"ಟ್ಯಾಂಕ್ ಇಳ್ಸಿ ಅಂದೆ. ಇಳ್ಸಾಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಇವಳ್ನೂ ಮಗೂನೂ ಕರ್ಕೊಂಡು ನಾನು ಅರಿಶಿನಕುಂಟೆಗೆ ಹೊಂಟೋಯ್ತೀನಿ. ನಮ್ಮಣ್ಣನ ಮನೆ ಬಚ್ಚಲಾಗೆ ಒಲೆ ಐತೆ."

ಅರಿಶಿನಕುಂಟೆ ಅತ್ತೆಯ ತವರು. ನೆಲಮಂಗಲದ ಹತ್ತಿರ, ಹೈವೇ ಪಕ್ಕ. ನಾನು ಮದುವೆಯಾಗಿ ಬಂದ ಮೇಲೆ ಅವರು ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿದದ್ದನ್ನೂ ನಾನು ನೋಡಿರಲಿಲ್ಲ.

"ಸೊಸೆ ಬಾಣಂತನ ನಿನ್ ತವರಾಗಾ?" ಎಂದರು ಮಾವ. "ಎಲ್ಲಾದ್ರೂ ಉಂಟಾ? ಜನ ಏನಂದಾರು?"

"ಅವಳ ತವರಾಗೆ ಮಾಡೋರಿಲ್ಲ. ನಂಗೆ ತವರೈತೆ. ಅದ್ರಾಗೇ ಅವಳ್ಗೂ ಆಗ್ತೈತೆ" ಎಂದರು ಅತ್ತೆ.

ಅವರು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಮಾವ ಮಳೆಯಲ್ಲೇ ಪಂಚೆ ಎತ್ತಿ ಕಟ್ಟಿ, ಮೇಸ್ತ್ರಿಗೆ ಫೋನು ಮಾಡಿದರು. ಆಮೇಲೆ ತಾವೇ ತಾರಸಿ ಹತ್ತಿ ಟ್ಯಾಂಕಿನ ನೀರು ಬಿಟ್ಟರು.

ಬಿಂದಿಗೆ ತಂದಿದ್ದ ಗಂಡಸರೇ ಟ್ಯಾಂಕು ಇಳಿಸಿದರು. ಬಂದದ್ದಕ್ಕೆ ಒಂದು ಕೆಲಸವಾಯಿತು. ಮೇಸ್ತ್ರಿ ಚಪ್ಪಡಿ ಕಿತ್ತು, ಮಳೆ ಬೀಳದಂತೆ ಮೇಲೆ ಒಂದು ತಗಡಿನ ಟೋಪಿ ನಿಲ್ಲಿಸಿದ. ಟ್ಯಾಂಕನ್ನು ಪಕ್ಕದಲ್ಲೇ, ಅದೇ ನೈಋತ್ಯದಲ್ಲೇ, ಕೊಳವೆಗಿಂತ ಒಂದು ಗೇಣು ಹೆಚ್ಚು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಟ್ಯಾಂಕಿಗಿಂತ ಎತ್ತರದ್ದು ಏನೂ ಇರಕೂಡದೆಂಬ ಮಾತೂ ಉಳಿಯಿತು. ಇದನ್ನು ಮೊದಲೇ ಯಾಕೆ ಮಾಡಲಿಲ್ಲವೆಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲ ಮುಗಿಯುವವರೆಗೆ ಎದುರು ಮನೆಯವರು ನನಗೂ ಮಗುವಿಗೂ ಕಂಬಳಿ ಹೊದಿಸಿ ತಮ್ಮ ಕೋಣೆಯಲ್ಲೇ ಮಲಗಿಸಿಕೊಂಡರು.

ಮಾರನೆಯ ಬೆಳಿಗ್ಗೆಯೂ ಜಿಟಿಜಿಟಿ ನಿಂತಿರಲಿಲ್ಲ. ಅತ್ತೆ ನನ್ನನ್ನೂ ಮಗುವನ್ನೂ ಮನೆಗೆ ಕರೆತಂದು ರೂಮಿನಲ್ಲಿ ಮಲಗಿಸಿ, ಗೂಡಿನಲ್ಲಿ ಬೆಂಕಿ ಹಚ್ಚಿದರು. ಒಂದೇ ಊದು. ಹೊಗೆ ಮರ್ಯಾದೆಯಾಗಿ ಮೇಲಕ್ಕೆ ಹೋಯಿತು. ಮಾವ ಛತ್ರಿ ಹಿಡಿದು ಬೀದಿಗೆ ಹೋಗಿ, ಕೊಳವೆಯಿಂದ ಹೊಗೆ ಬರುವುದನ್ನು ಕಣ್ಣಾರೆ ನೋಡಿಕೊಂಡು ಒಳಗೆ ಬಂದರು. ಒಂದು ಕುರ್ಚಿ ಎಳೆದುಕೊಂಡು ಬೆಂಕಿಯ ಮುಂದೆ ಕೂತು ಕಾಲು ಚಾಚಿದರು. ಗಾಜಿನಾಚೆ ನಿಂತು ಅವರು ವರ್ಷಗಟ್ಟಲೆ ನೋಡಿದ್ದು ಇದನ್ನೇ.

"ಚೆನ್ನಾಗೈತೆ" ಎಂದರು.

"ನೀರ್ ಹೊತ್ಕೊಡಿ" ಎಂದರು ಅತ್ತೆ.

ಮಾವ ಎದ್ದು ಹಂಡೆಯ ನೀರನ್ನು ಬಕೆಟ್ಟಿಗೆ ಮೊಗೆದು ಹಾಲ್‌ನಿಂದ ಬಚ್ಚಲಿಗೆ ಹೊತ್ತರು. ಹಾಲ್ ಮನೆಯ ಒಂದು ತುದಿಗೆ, ಬಚ್ಚಲು ಇನ್ನೊಂದು ತುದಿಗೆ, ನಡುವೆ ಎರಡು ಬಾಗಿಲು. ಅವರು ನೀರಿಟ್ಟು ಹೋದ ಮೇಲೆ ಅತ್ತೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಹಳೆಯ ಮನೆಯ ಅದೇ ಮಣೆಯ ಮೇಲೆ ನನ್ನನ್ನು ಕೂರಿಸಿದರು. ಅದನ್ನು ಎಲ್ಲಿ ಎತ್ತಿಟ್ಟಿದ್ದರೋ. ಸೊಂಟಕ್ಕೆ ಎಣ್ಣೆ ತಿಕ್ಕಿದರು. ಕೈಯಿಂದ ನೀರಿನ ಹದ ನೋಡಿ, ಮೊದಲ ಚೊಂಬನ್ನು ಬೆನ್ನಿನ ಮೇಲೆ ಹುಯ್ದರು.

ಎರಡನೆಯ ಚೊಂಬಿಗೆ ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅತ್ತೆ ಚೊಂಬು ಹಿಡಿದು ನಿಂತರು. "ಯಾಕವ್ವ? ಸುಡ್ತೈತಾ?"

"ಇಲ್ಲ ಅತ್ತೆ" ಎಂದೆ. "ಹೊಗೆ."

ಬಚ್ಚಲಿನಲ್ಲಿ ಹೊಗೆಯ ವಾಸನೆಯೂ ಇರಲಿಲ್ಲ. ಅತ್ತೆ ಮುಚ್ಚಿದ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಬಗ್ಗಿ ಇನ್ನೊಂದು ಚೊಂಬು ನೀರು ತುಂಬಿಕೊಂಡರು.

"ಹೂಂ" ಎಂದರು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಇವತ್ತು ಹೊಗೆ ಜಾಸ್ತಿ."